ಅಡಿಬರಹವಿಲ್ಲದ ಚಿತ್ರಗಳು



ಅಂತರಜಾಲದಲ್ಲಿ ಕಂಡ ವಿಚಿತ್ರ ಚಿತ್ರಗಳನ್ನೂ ವಿಡಿಯೊ ತುಣುಕುಗಳನ್ನೂ ನಿಮ್ಮಲ್ಲಿ ಹಲವರು ನನಗೆ ಕಳುಹಿಸುತ್ತಿರುತ್ತೀರಿ. ‘ಸರ್, ಇದು ನಿಜವೇ?’ ಎಂಬ ಪ್ರಶ್ನೆಯೂ ಜೊತೆಗಿರುತ್ತದೆ. ಇತಿಹಾಸ ಕಲಿಸಿದವನಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಬೇರೊಂದಿಲ್ಲ. ಒಂದೊಂದಕ್ಕೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಇಂಥ ಚಿತ್ರಗಳನ್ನು ನೋಡುವ ಬಗೆ ಹೇಗೆ ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ಹೇಳುವುದು ಲೇಸೆಂದು ತೋರಿತು.

ಮೊದಲಿಗೆ ಘಟೋತ್ಕಚನ ಅಸ್ಥಿಪಂಜರ. ಭಾರಿ ತಲೆಬುರುಡೆ, ಅದರ ಪಕ್ಕದಲ್ಲಿ ಇರುವೆಯಂತೆ ಕಾಣುವ ಮನುಷ್ಯ. ಉತ್ತರ ಭಾರತದ ಮರುಭೂಮಿಯಲ್ಲಿ ಉತ್ಖನನ ಮಾಡುವಾಗ ಸಿಕ್ಕಿತೆಂಬ ವಿವರಣೆಯೊಡನೆ ಈ ಚಿತ್ರ 2004ರಿಂದ ಊರೂರು ಸುತ್ತಿತು; ಇಂದಿಗೂ ಆಗಾಗ ತಲೆಯೆತ್ತುತ್ತದೆ. ವಾಸ್ತವವಾಗಿ ಅದು 2002ರಲ್ಲಿ ‘ವರ್ತ್ ಥೌಸಂಡ್’ ಎಂಬ ಜಾಲತಾಣ ನಡೆಸಿದ ಚಿತ್ರ ತಿದ್ದುವ ಸ್ಪರ್ಧೆಗಾಗಿ ಒಬ್ಬ ಕಲಾವಿದ ರಚಿಸಿದ್ದು. ಅದರ ಮೂಲ ಛಾಯಾಚಿತ್ರ 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ನಡೆಸಿದ ಉತ್ಖನನದ್ದು. ಅಲ್ಲಿ ಸಿಕ್ಕದ್ದು ಆನೆಯನ್ನು ಹೋಲುವ, ಅಳಿದುಹೋದ ಮ್ಯಾಸ್ಟೊಡಾನ್ ಎಂಬ ಪ್ರಾಣಿಯ ಎಲುಬುಗಳು. ಶೋಧದ ಕೀರ್ತಿಯನ್ನು ಯಾರಿಗೆ ಕಟ್ಟಲಾಗಿತ್ತೋ ಆ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯೇ 2007ರಲ್ಲಿ ಇದು ಸುಳ್ಳೆಂದು ಸ್ಪಷ್ಟಪಡಿಸಿತು. ಚಿತ್ರ ಮಾಡಿದಾತ ಯಾರನ್ನೂ ಮೋಸಗೊಳಿಸಲು ಹೊರಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಸ್ಪರ್ಧೆಯ ಹೆಸರು ಕಳಚಿಬಿದ್ದು, ಅದರ ಜಾಗದಲ್ಲಿ ಬೇರೊಬ್ಬರು ಬರೆದ ಮಾತು ಸೇರಿಕೊಂಡಾಗ ಆಟ ಸುಳ್ಳಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಹಂಪಿಯದು. ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ ಯಾರಿಗೆ ಗೊತ್ತಿಲ್ಲ? 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿಯೂ ಅದಿದೆ. ಆದರೆ ಅಂತರಜಾಲದಲ್ಲಿ ದೊರೆಯುವ ಒಂದು ಹಳೆಯ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದು ನಿಂತಿದೆ! ನೋಡಿದವರು ಇದೂ ಯಾರೋ ತಿದ್ದಿದ ಚಿತ್ರವೆಂದೇ ಭಾವಿಸುವರು. ಆದರೆ ಇದು ಅಪ್ಪಟ ಸತ್ಯ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಅವರು 1856ರಲ್ಲಿ ತೆಗೆದ ಛಾಯಾಚಿತ್ರವದು. ಆ ಶಿಖರ ಮುಂದೆ ಇಲ್ಲವಾಯಿತು. ಇಂದು ಅದನ್ನು ಕಣ್ಣಾರೆ ಕಾಣಲು ಇಂಥ ಹಳೆಯ ಚಿತ್ರಗಳೇ ಗತಿ.

ಗ್ರೀನ್‌ಲಾ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಅದರ ಮೇಲೆ ಬಿಂಬ ಮೂಡಬೇಕಾದರೆ ಕ್ಯಾಮೆರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡಬೇಕಿತ್ತು. ಆ ಅವಧಿಯಲ್ಲಿ ನಡೆದಾಡಿದ ಮನುಷ್ಯರಾಗಲಿ, ಮೇಯುತ್ತಿದ್ದ ದನಗಳಾಗಲಿ ಚಿತ್ರದಲ್ಲಿ ಉಳಿಯುತ್ತಿರಲಿಲ್ಲ. ಆದ್ದರಿಂದ ಆ ಕಾಲದ ಚಿತ್ರಗಳಲ್ಲಿ ಗುಡಿಗಳು ನಿರ್ಜನವಾಗಿ ಕಂಡರೆ ಅಲ್ಲಿ ಜನವೇ ಇರಲಿಲ್ಲವೆಂದು ತೀರ್ಮಾನಿಸಬಾರದು. ಚಿತ್ರ ನಿಜವಿದ್ದರೂ ಅದು ಹೇಗೆ ಮೂಡಿತೆಂದು ತಿಳಿಯದಿದ್ದರೆ ನಾವು ತಪ್ಪು ಓದುವ ಸಂಭವವಿದೆ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು 1983ರಲ್ಲಿ ಗ್ರೀನ್‌ಲಾ ನಿಂತ ತಾಣಗಳನ್ನೇ ಹುಡುಕಿ, ಅಲ್ಲಿಂದ ಮರಳಿ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಹಳೆಯ ಚಿತ್ರದ ಊರು, ಇಸವಿ ಗೊತ್ತಿದ್ದುದರಿಂದಲೇ ಇದು ಸಾಧ್ಯವಾಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ಮುಂಬಯಿ ಸರಕಾರವು 1855ರಲ್ಲಿ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಅವರನ್ನು ಪ್ರಾಚೀನ ಸ್ಮಾರಕಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅದೇ ವರ್ಷದ ಕೊನೆಗೆ ಅವರನ್ನು ಸೈನ್ಯಕ್ಕೆ ಮರಳಿ ಕರೆಸಿಕೊಂಡಿದ್ದರಿಂದ ವೈದ್ಯರಾಗಿದ್ದ ವಿಲಿಯಂ ಹೆನ್ರಿ ಪಿಗೊ ಆ ಕೆಲಸ ಮುಂದುವರಿಸಿದರು. ಗದಗ, ಲಕ್ಕುಂಡಿ, ಡಂಬಳಗಳ ಗುಡಿಗಳು ಹೀಗೆ ಮೊದಲ ಸಲ ಛಾಯಾಚಿತ್ರಗಳಲ್ಲಿ ಸೆರೆಯಾದವು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ ಗ್ರಂಥವೊಂದರಲ್ಲಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅವರ ಬರಹಗಳೊಡನೆ, ಇಂಥ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅದನ್ನು ನೋಡಲು ಪಿಗೊ ಬದುಕಿರಲಿಲ್ಲ. ಗದಗ ಜಿಲ್ಲೆ ಪ್ರತ್ಯೇಕವಾದದ್ದು 1997ರಲ್ಲಿ. ಆದ್ದರಿಂದ ನಮ್ಮ ಗುಡಿಗಳೆಲ್ಲ ಅಂದಿನ ದಾಖಲೆಗಳಲ್ಲಿ ಧಾರವಾಡದ ಹೆಸರಿನಡಿಯಲ್ಲಿವೆ. ಅದನ್ನೂ ಅವರು ‘ಧಾರ್ವಾರ್’ ಎಂದು ಬರೆದರು. ಹುಡುಕುವವರು ಇದನ್ನು ನೆನಪಿನಲ್ಲಿಡಬೇಕು.

ಆ ಕಾಲದ ಅನೇಕ ಚಿತ್ರಗಳನ್ನು ಬ್ರಿಟಿಷ್ ಲೈಬ್ರರಿಯು ತನ್ನ ಜಾಲತಾಣದಲ್ಲಿ ವಿವರಗಳೊಡನೆ ಎಲ್ಲರಿಗೂ ತೆರೆದಿಟ್ಟಿತ್ತು. ಆದರೆ 2023ರ ಅಕ್ಟೋಬರ್‌ನಲ್ಲಿ ಆ ಗ್ರಂಥಾಲಯದ ಗಣಕವ್ಯವಸ್ಥೆಯ ಮೇಲೆ ದಾಳಿ ನಡೆದು ಅದರ ಜಾಲಸೇವೆಗಳು ದೀರ್ಘಕಾಲ ಸ್ಥಗಿತಗೊಂಡವು. ಅಂಥ ಸಂಸ್ಥೆಗೇ ಈ ಗತಿಯಾದರೆ ಉಳಿದವರ ಪಾಡೇನು? ಹೀಗೆ ಮೂಲದ ಪುಟ ತೆರೆಯದಾದಾಗ, ಇತರೆಡೆ ಹರಿದಾಡುವ ಪ್ರತಿಗಳೇ ಜನರ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಎಷ್ಟೋ ಪ್ರತಿಗಳಿಗೆ ಊರಿಲ್ಲ, ಇಸವಿಯಿಲ್ಲ, ತೆಗೆದವರ ಹೆಸರಿಲ್ಲ. ನಿಜವಾದ ಚಿತ್ರವೂ ಘಟೋತ್ಕಚನ ಸಾಲಿಗೆ ಸೇರಲು ಇಷ್ಟು ಸಾಕು.

ನಮ್ಮ ಹಿರಿಯರಿಗೆ ಈ ಅಪಾಯ ತಿಳಿದಿತ್ತೆಂದು ತೋರುತ್ತದೆ. ವೀರಗಲ್ಲನ್ನು ನೋಡಿ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಈ ಪಟ್ಟಿಕೆಗಳ ನಡುವಿನ ಬರಹದಲ್ಲಿ ಅವನ ಹೆಸರು, ಕಾಳಗದ ಕಾರಣ, ಕಾಲ. ಅಕ್ಷರ ಸವೆದ ವೀರಗಲ್ಲು ಕೈಮುಗಿಸಿಕೊಳ್ಳಬಹುದು, ಆದರೆ ಯಾರದೆಂದು ಹೇಳಲಾರದು. ನಮ್ಮ ಸೊರಟೂರನ್ನೇ ತೆಗೆದುಕೊಳ್ಳಿ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರ ಐದನೆಯ ಭಿಲ್ಲಮನನ್ನು ಸೋಲಿಸಿದ್ದು ಇಲ್ಲಿಯೇ. ಅದರ ಛಾಯಾಚಿತ್ರ ಇರಲು ಸಾಧ್ಯವೇ ಇಲ್ಲ. ಆದರೂ ಶಾಸನಗಳ ಮಾತಿನ ಬಲದಿಂದ ಅದು ಇತಿಹಾಸದಲ್ಲಿ ಉಳಿದಿದೆ. ಚಿತ್ರವಿಲ್ಲದ ಮಾತು ಎಂಟುನೂರು ವರ್ಷ ಬಾಳಿತು. ಮಾತಿಲ್ಲದ ಚಿತ್ರ ಎರಡೇ ತಲೆಮಾರಿಗೆ ಅನಾಥವಾಗುತ್ತದೆ.

ಆದಕಾರಣ ನನ್ನ ಕೋರಿಕೆ ಇಷ್ಟು. ಮುಂದೆ ಇಂಥ ಚಿತ್ರವಾಗಲಿ ವಿಡಿಯೊ ಆಗಲಿ ಕೈಗೆ ಬಂದರೆ, ಯಾರು ತೆಗೆದರು, ಎಲ್ಲಿ, ಯಾವಾಗ ಎಂದು ಮೊದಲು ಕೇಳಿರಿ. ಉತ್ತರ ಸಿಗದಿದ್ದರೆ ಅದನ್ನು ಮುಂದೆ ಕಳುಹಿಸಬೇಡಿರಿ. ಹಾಗೆಯೇ ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿರುವ ಮದುವೆ, ಜಾತ್ರೆ, ಶಾಲೆಯ ಗುಂಪುಚಿತ್ರಗಳನ್ನು ಹೊರತೆಗೆಯಿರಿ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕ ಕುಳಿತು, ಹಿಂಬದಿಯಲ್ಲಿ ಮೆತ್ತಗೆ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದಿಡಿರಿ. ಮುಂದಿನ ಬೇಸಿಗೆ ರಜೆಗೆ ಊರಿಗೆ ಬಂದಾಗ ಅರ್ಧ ದಿನ ಇದಕ್ಕೆ ಮೀಸಲಿಟ್ಟರೂ ಸಾಕು.