ಎದೆ ತುಂಬಿ ಹಾಡುವೆನು
ಮಕ್ಕಳು ಹಾಗೂ ಯುವ ಗಾಯಕರಿಗಾಗಿ ಈಟಿವಿ ಕನ್ನಡ ವಾಹಿನಿ ಪ್ರಸಾರ ಮಾಡಿದ ಸಂಗೀತ ಸ್ಪರ್ಧೆ. ನಿರೂಪಕರು ಹಿನ್ನೆಲೆ ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ (1946–2020). ಹೆಸರು ಜಿ. ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’ ಕವಿತೆಯನ್ನು ನೆನಪಿಸುತ್ತದೆ. 1996ರಲ್ಲಿ ಆರಂಭವಾದ ‘ಪಾಡುತಾ ತೀಯಗಾ’ ಇದರ ತೆಲುಗು ಸೋದರ ಕಾರ್ಯಕ್ರಮ.

ಸ್ಪರ್ಧಿಗಳು ವಾದ್ಯವೃಂದದೊಡನೆ ಚಿತ್ರಗೀತೆ, ಭಾವಗೀತೆಗಳನ್ನು ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಬಾಲಸುಬ್ರಹ್ಮಣ್ಯಂ ಶ್ರುತಿ, ಉಚ್ಚಾರ, ಭಾವಗಳ ಕೊರತೆಯನ್ನು ಅಕ್ಕರೆಯಿಂದ ತಿದ್ದುತ್ತಿದ್ದರು. ಗೀತೆ ಬರೆದವರನ್ನೂ ರಾಗ ಹಾಕಿದವರನ್ನೂ ನೆನೆಯುತ್ತಿದ್ದರು. ಮಕ್ಕಳ ಪಾಲಿಗೆ ಇದು ಸ್ಪರ್ಧೆಗಿಂತ ಮಿಗಿಲಾದ ಪಾಠವಾಗಿತ್ತು.

ವಾಹಿನಿ 2015ರಲ್ಲಿ ಕಲರ್ಸ್ ಕನ್ನಡ ಆಯಿತು. 2021ರಲ್ಲಿ ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ಮೊದಲಾದವರ ತೀರ್ಪುಗಾರಿಕೆಯಲ್ಲಿ ಕಾರ್ಯಕ್ರಮ ಮತ್ತೆ ಆರಂಭವಾಯಿತು.