ರಂಗೀನ್ ಮಹಲ್

ರಂಗೀನ್ ಮಹಲ್ ಕರ್ನಾಟಕದ ಬೀದರ್ ಕೋಟೆಯೊಳಗೆ, ಗುಂಬದ್ ದರ್ವಾಜಾದ ಸಮೀಪದಲ್ಲಿರುವ ಐತಿಹಾಸಿಕ ಅರಮನೆ. 'ಬಣ್ಣದ ಅರಮನೆ' ಎಂಬುದು ಇದರ ಅರ್ಥ. ಗೋಡೆಗಳನ್ನು ಅಲಂಕರಿಸಿದ ಬಣ್ಣದ ಹೆಂಚುಗಳಿಂದ ಈ ಹೆಸರು ಬಂದಿದೆ.

ಇತಿಹಾಸ

ಬಹಮನಿ ಸುಲ್ತಾನ ಒಂದನೇ ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿ ಈ ಕೋಟೆಯನ್ನು ಕಟ್ಟಿಸಿದನು. ಅರಮನೆಯ ಮೂಲ ಕಟ್ಟಡವು ಮಹಮೂದ್ ಶಾಹ ಬಹಮನಿಯ (ಆಳ್ವಿಕೆ: 1482–1518) ಕಾಲದ್ದು. ಅನಂತರ ಬರೀದ್ ಶಾಹಿ ದೊರೆ ಅಲಿ ಬರೀದ್ (ಆಳ್ವಿಕೆ: 1542–1580) ಇದನ್ನು ನವೀಕರಿಸಿ, ಇಂದು ಕಾಣುವ ಅಲಂಕಾರಗಳನ್ನು ಮಾಡಿಸಿದನು.

ವಾಸ್ತುಶಿಲ್ಪ

ಗಾತ್ರದಲ್ಲಿ ಚಿಕ್ಕದಾದರೂ ಈ ಅರಮನೆಯಲ್ಲಿ ಮೂರು ಕುಶಲಕಲೆಗಳು ಒಂದುಗೂಡಿವೆ. ಮುಂಭಾಗದ ಸಭಾಂಗಣದ ಮರದ ಕಂಬಗಳೂ ಬೋದಿಗೆಗಳೂ ಸೂಕ್ಷ್ಮ ಕೆತ್ತನೆಯಿಂದ ಕೂಡಿದ್ದು, ದೇವಾಲಯದ ಮಂಟಪಗಳನ್ನು ನೆನಪಿಸುತ್ತವೆ. ಒಳಕೋಣೆಯ ಬಾಗಿಲ ಸುತ್ತ ಬಣ್ಣದ ಹೆಂಚಿನ ತುಣುಕುಗಳ ಪಾರಸಿಕ ಮಾದರಿಯ ಜೋಡಣೆಯಿದೆ. ನುಣುಪಾದ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿಗಳನ್ನೂ ಪಾರಸಿ ಪದ್ಯಗಳನ್ನೂ ಮೂಡಿಸಲಾಗಿದೆ. ಕಪ್ಪಿನ ಮೇಲೆ ಬಿಳುಪು ಹೊಳೆಯುವ ಈ ಕೆಲಸವನ್ನು ನೋಡಿದಾಗ, ಕಪ್ಪು ಲೋಹದಲ್ಲಿ ಬೆಳ್ಳಿಯನ್ನು ಕೂರಿಸುವ ಬೀದರಿನದೇ ಬಿದರಿ ಕಲೆ ನೆನಪಾಗುತ್ತದೆ.

ಪ್ರಾಮುಖ್ಯ

ಮಹಮೂದ್ ಗವಾನನ ಮದರಸಾದ ಹೊರಗೋಡೆಗಳ ಹೆಂಚುಗಳು ಬಹುಪಾಲು ಉದುರಿಹೋಗಿವೆ. ರಂಗೀನ್ ಮಹಲಿನವು ಸೂರಿನ ಆಶ್ರಯದಲ್ಲಿ ಸಾಕಷ್ಟು ಉಳಿದಿವೆ. ಆದ್ದರಿಂದ ಅಂದಿನ ಅರಮನೆಗಳ ಒಳಾಂಗಣ ಹೇಗಿತ್ತೆಂದು ತಿಳಿಯಲು ಇದು ಅಮೂಲ್ಯ ಸಾಕ್ಷಿ. ಕೋಟೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿದೆ.