ಮೇಲಿನ ನೆರೆ, ಕೆಳಗಿನ ನೆರೆ

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ‘ನೆರೆ’ ಬರುತ್ತದೆ. ನೆರೆ ಸಂತ್ರಸ್ತರು, ನೆರೆ ಪರಿಹಾರ, ಸಚಿವರಿಂದ ನೆರೆ ವೀಕ್ಷಣೆ. ಅದೇ ಪುಟದ ಇನ್ನೊಂದು ಮೂಲೆಯಲ್ಲಿ ನೆರೆಮನೆಯವರ ಜಗಳ, ನೆರೆರಾಜ್ಯದ ತಕರಾರು. ಉಕ್ಕಿ ಬರುವ ನೀರಿಗೂ ಪಕ್ಕದಲ್ಲಿ ಬಾಳುವವರಿಗೂ ಕನ್ನಡದಲ್ಲಿ ಒಂದೇ ಹೆಸರು. ಜಾತ್ರೆಗೆ ಜನ ನೆರೆಯುತ್ತಾರೆ, ಹುಡುಗಿ ಮೈನೆರೆಯುತ್ತಾಳೆ. ಇವೆಲ್ಲ ಒಂದೇ ಬೇರಿನವೋ, ಒಂದೇ ವೇಷ ತೊಟ್ಟ ಬೇರೆ ಬೇರೆ ಪದಗಳೋ, ನಿಘಂಟಿನವರು ತೀರ್ಮಾನಿಸಲಿ. ‘ನೆರೆಹೊರೆ’ಯ ಹೊರೆಗೂ ಹಳಗನ್ನಡದಲ್ಲಿ ಪಕ್ಕ ಎಂದೇ ಅರ್ಥ, ತಲೆಹೊರೆಗೂ ಅದಕ್ಕೂ ಸಂಬಂಧ ಕಾಣೆ. ಆದರೆ ನಡುರಾತ್ರಿ ಸ್ಪೀಕರ್ ಹಚ್ಚುವವರ ಪಕ್ಕದಲ್ಲಿ ಬಾಡಿಗೆಗಿರುವವರು ಈ ಮಾತನ್ನು ಒಪ್ಪಲಾರರು.

ರಾಮನಗರ, ಮಾಗಡಿ ಸೀಮೆಯ ಬಾಯಿಮಾತಿನಲ್ಲಿ ಈ ಪದದ ಓಡಾಟ ಕಡಿಮೆ. ಪಕ್ಕದವರು ಇಲ್ಲಿ ‘ಅಕ್ಕಪಕ್ಕದೋರು’. ನೀರು ಉಕ್ಕಿದರೆ ‘ಹೊಳೆ ಬಂತು’, ‘ಕೆರೆ ಕೋಡಿ ಬಿತ್ತು’. ಹಾಗಿದ್ದೂ ನೆರೆಯ ಎರಡು ಅರ್ಥಗಳು ಬೆರೆತು ಒಂದಾಗಿರುವ ಊರು ಬೇಕೆಂದರೆ ಬಿಡದಿ ಹೋಬಳಿಯ ಬೈರಮಂಗಲಕ್ಕೇ ಹೋಗಬೇಕು.

ಇಲ್ಲಿ ನೆರೆ ಮಳೆಗೆ ಕಾಯುವುದಿಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಬಸವಣ್ಣನ ಪಾದದಿಂದ ಹುಟ್ಟುತ್ತದೆಂದು ನಂಬಿಕೆಯಿರುವ ವೃಷಭಾವತಿ, ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ಕೆಂಗೇರಿ ದಾಟಿ, ಅರ್ಧ ನಗರದ ಬಚ್ಚಲು, ಕಕ್ಕಸು, ಕಾರ್ಖಾನೆಗಳ ನೀರನ್ನು ಹೊತ್ತು ಬೈರಮಂಗಲದ ಕೆರೆಗೆ ಬೀಳುತ್ತದೆ. ಭತ್ತ ಬೆಳೆಯಲೆಂದು ಸ್ವಾತಂತ್ರ್ಯಕ್ಕೆ ಮುಂಚೆ ಕಟ್ಟಿಸಿದ ಕೆರೆ ಅದು. ಈಗ ಅದರ ಕಾಲುವೆಯಲ್ಲಿ ನೊರೆ ಏಳುತ್ತದೆ. ಅಚ್ಚುಕಟ್ಟಿನಲ್ಲಿ ಮೇವಿನ ಹುಲ್ಲು, ಬೇಬಿಕಾರ್ನ್ ಹೆಚ್ಚಾಗಿವೆ. ಬೇಸಿಗೆಯಲ್ಲಿ ಬೇರೆ ಕೆರೆಗಳು ಬಿರುಕು ಬಿಟ್ಟಾಗಲೂ ಇದು ಒಣಗುವುದಿಲ್ಲ ಎಂಬುದು ಇದರ ಭಾಗ್ಯವೂ ಹೌದು, ದೌರ್ಭಾಗ್ಯವೂ ಹೌದು. ಬೆಂಗಳೂರು ಮಿಂದಷ್ಟೂ ದಿನ ನೀರಿಗೆ ಕೊರತೆಯಿಲ್ಲ.

ಈ ನೀರಿನ ಕೆಳಗಿರುವವರೂ ನೆರೆಯವರೇ, ನೆರೆಯವರನ್ನು ಚೆನ್ನಾಗಿ ನೋಡಿಕೋ ಎನ್ನದ ಮತವಿಲ್ಲ. ಕನ್ನಡ ಬೈಬಲ್ಲಿನಲ್ಲಿ ಪ್ರೀತಿಸಬೇಕಾದವನು ‘ನೆರೆಯವನು’. ನನ್ನ ನೆರೆಯವನು ಯಾರು ಎಂದು ಶಾಸ್ತ್ರಿಯೊಬ್ಬ ಕೇಳಿದಾಗ ಯೇಸು ವಿಳಾಸ ಕೊಡಲಿಲ್ಲ, ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡ ಸಮಾರ್ಯದವನ ಕತೆ ಹೇಳಿದ. ಸುಂದರವಾದ ಕತೆ. ಆದರೆ ಪ್ರೀತಿ, ದಯೆ ಎಂಬ ಮಾತುಗಳಿಗೆ ಜಾರಿಕೊಳ್ಳಲು ಜಾಗ ಬಹಳ. ಮತಗಳು ಪಟ್ಟು ಹಿಡಿದು, ಕಟ್ಟುನಿಟ್ಟಾಗಿ ಮಾತಾಡುವುದು ನೀರಿನ ವಿಷಯಕ್ಕೆ ಬಂದಾಗ.

ಮದೀನಾದಲ್ಲಿ ಖರ್ಜೂರದ ತೋಟಗಳಿಗೆ ಹರಿಯುವ ಕಾಲುವೆಯ ವ್ಯಾಜ್ಯ ಪೈಗಂಬರರ ಮುಂದೆ ಬಂತು. ಮೇಲಿನ ತೋಟದ ಜುಬೈರ್‌ಗೆ ಅವರು ಹೇಳಿದ್ದು, ನಿನ್ನ ತೋಟಕ್ಕೆ ಹಾಯಿಸಿಕೊಂಡು ನೀರನ್ನು ನೆರೆಯವನಿಗೆ ಬಿಡು ಎಂದು. ಅಲ್ಲಿ ನೆರೆಯವನೆಂದರೆ ಗೋಡೆಯಾಚೆಯವನಲ್ಲ, ಕೆಳಗಿನವನು, ನೀರು ಮುಂದೆ ಯಾರ ಪಾಲಿಗೆ ಹೋಗುತ್ತದೋ ಅವನು. ಹಳೆಯ ಒಡಂಬಡಿಕೆಯ ಯೆಹೆಜ್ಕೇಲನ ಗ್ರಂಥದಲ್ಲಿ ದೇವರು ಕೊಬ್ಬಿದ ಕುರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ತಿಳಿನೀರು ಕುಡಿದದ್ದು ಸಾಲದೆ ಮಿಕ್ಕದ್ದನ್ನು ತುಳಿದು ಕದಡಿ, ಉಳಿದ ಕುರಿಗಳಿಗೆ ಅದನ್ನೇ ಕುಡಿಸುತ್ತೀರಲ್ಲ ಎಂಬುದು ಅವನ ಸಿಟ್ಟು. ನೀರಲ್ಲಿ ಉಗುಳಬಾರದು, ಮಲಮೂತ್ರ ಬಿಡಬಾರದು ಎಂದು ಮನುಸ್ಮೃತಿಯೂ ಹೇಳುತ್ತದೆ, ಬೌದ್ಧ ಭಿಕ್ಷುಗಳ ವಿನಯ ನಿಯಮಗಳೂ ಹೇಳುತ್ತವೆ. ಉಳಿದ ಎಷ್ಟೋ ವಿಷಯಗಳಲ್ಲಿ ಇವೆರಡಕ್ಕೂ ಕೂಡಿಬರದು. ಜೈನರಂತೂ ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿಸಬೇಕು. ಹುಳುವಿಗೂ ಅದರ ನೆರೆ ಇದೆ ಎಂಬ ಲೆಕ್ಕ.

ವಚನಕಾರ ಬಸವಣ್ಣನದು ಬೇರೆ ದಾರಿ. ಲೋಕದ ಡೊಂಕಿನ ಬಗೆಗಿನ ವಚನದಲ್ಲಿ, ನೆರೆಮನೆಯ ದುಃಖಕ್ಕೆ ಅಳುವವರನ್ನು ದೇವರು ಮೆಚ್ಚುವುದಿಲ್ಲ ಎಂದುಬಿಡುತ್ತಾನೆ. ಮೊದಲ ಸಲ ಓದಿದವರಿಗೆ ಇದೇನು ಕಲ್ಲೆದೆ ಅನಿಸುತ್ತದೆ. ಬೈರಮಂಗಲದ ದಂಡೆಯಲ್ಲಿ ನಿಂತರೆ ಅನಿಸುವುದಿಲ್ಲ. ನೊರೆಯ ಫೋಟೊ ತೆಗೆದು ಮರುಗುವವರು ಬೆಂಗಳೂರಿನಿಂದ ಬರುತ್ತಲೇ ಇರುತ್ತಾರೆ. ಅವರು ಅಂದು ಬೆಳಿಗ್ಗೆ ಹಚ್ಚಿಕೊಂಡ ಶಾಂಪೂ ಅವರ ಹಿಂದೆಯೇ ಹೊರಟಿರುತ್ತದೆ. ನಿಮ್ಮ ನಿಮ್ಮ ತನುವನ್ನು ನೋಡಿಕೊಳ್ಳಿ ಎಂಬರ್ಥದ ಆ ಬುದ್ಧಿಮಾತನ್ನು ನಾನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳುತ್ತೇನೆ. ಅಳುವುದು ಆಮೇಲೆ, ಮೊದಲು ನಿಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿ.

ಬರುವ ನೀರಿನದೂ ಇದೇ ದಾರಿ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಎತ್ತಿ, ಆಗ ಕನಕಪುರ ತಾಲ್ಲೂಕಿನಲ್ಲಿದ್ದ ಹಾರೋಹಳ್ಳಿಯಲ್ಲಿ ಮತ್ತೆ ಪಂಪು ಮಾಡಿ ಬೆಂಗಳೂರಿಗೆ ಏರಿಸುವುದು 1974ರಲ್ಲಿ ಶುರುವಾಯಿತು. ತಿಳಿನೀರು ಕೊಳವೆಯಲ್ಲಿ ಮೇಲಕ್ಕೆ, ಕೊಳೆನೀರು ಹೊಳೆಯಲ್ಲಿ ಕೆಳಕ್ಕೆ. ಎರಡೂ ರಾಮನಗರ ಜಿಲ್ಲೆಯ ಮೈಮೇಲೇ. 2025ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರೂ ಬಂತು. ನೆರೆಯವನ ನೀರು ಬಂತು, ಹೆಸರು ಬಂತು, ಈಗ ಟೌನ್‌ಶಿಪ್ಪಿಗೆಂದು ಬೈರಮಂಗಲದ ನೆಲವನ್ನೂ ಕೇಳಲಾಗುತ್ತಿದೆ. ಅದಕ್ಕೆ ರೈತರು ಧರಣಿ ಕೂತರು.

ಕೊಳೆನೀರು ಕೆರೆಗೆ ಬೀಳದ ಹಾಗೆ ಪಕ್ಕದಲ್ಲೇ ಕಾಲುವೆ ತೋಡಿ ಮುಂದಕ್ಕೆ ಸಾಗಿಸುವ ಯೋಜನೆಯನ್ನೂ ಸರ್ಕಾರ ಕೈಗೆತ್ತಿಕೊಂಡಿತು. ಮುಂದಕ್ಕೆ ಎಂದರೆ ಎಲ್ಲಿಗೆ? ಅರ್ಕಾವತಿಗೆ, ಅಲ್ಲಿಂದ ಹಾರೋಬೆಲೆಯ ಜಲಾಶಯಕ್ಕೆ. ಹಾರೋಬೆಲೆ ಹಳೆಯ ಕ್ರೈಸ್ತರ ಊರು. ಬಸವನಗುಡಿಯ ಬಸವಣ್ಣನ ಪಾದದಿಂದ ಹೊರಟದ್ದು ಅಷ್ಟು ಹೊತ್ತಿಗೆ ಯೆಹೆಜ್ಕೇಲನನ್ನು ಓದುವವರ ದಂಡೆ ತಲುಪಿರುತ್ತದೆ. ಆಚೆಗೆ ಸಂಗಮದಲ್ಲಿ ಕಾವೇರಿ, ಇನ್ನೂ ಕೆಳಗೆ ‘ನೆರೆರಾಜ್ಯ’. ಆ ನೆರೆಯವರಿಗೆ ನಾವು ಬಿಡಬೇಕಾದ್ದು ವರ್ಷಕ್ಕೆ 177.25 ಟಿಎಂಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಳೆಯುವುದು ಗಡಿಯ ಬಿಳಿಗುಂಡ್ಲುವಿನಲ್ಲಿ. ಬೈರಮಂಗಲ ದಾಟಿ ಬಂದ ನೀರೂ ಆ ಲೆಕ್ಕಕ್ಕೇ ಜಮಾ.